ಜೋಡಿಗೆರೆ

ಮೊನ್ನೆ ಭಾನುವಾರ ಮಗಳು ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ನಮ್ಮ ವಂಶವೃಕ್ಷ ಬರೆಯುತ್ತಿದ್ದಳು. ಅವಳಿಗೆ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದಲ್ಲಿ ಹರಿದು ಬರುವ ಕಾಯಿಲೆಗಳ ಬಗ್ಗೆ ಮನೆಯವರಿಗೆ ತಿಳಿಸಿ ಹೇಳುವವಳು, ಆಗುವ ಆಸೆ. ಡಿಗ್ರಿ ಆದ ಮೇಲೆ ಎರಡು ವರ್ಷದ ಮಾಸ್ಟರ್ಸ್, ಆಮೇಲೆ ಬೋರ್ಡ್ ಪರೀಕ್ಷೆ. ಮನೆತನದ ಕಾಯಿಲೆ ಕಸಾಲೆಯನ್ನು ಕೇಳಿ ಬರೆದುಕೊಳ್ಳುವುದೇ ಈ ಕೆಲಸದ ಮೊದಲ ಪಾಠವಂತೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರ ಮೇಲೆ ಓರೆ ಗೀಟು.

ಬಸವನಗುಡಿಯ ದೊಡ್ಡಮ್ಮ ಮದುವೆಯಾದದ್ದು ಸೋದರಮಾವನನ್ನೇ ಅಂದೆ. ಇಬ್ಬರ ನಡುವೆ ಜೋಡಿಗೆರೆ ಎಳೆದಳು. ರಕ್ತಸಂಬಂಧದ ಮದುವೆಗೆ ಅದೇ ಗುರುತು. ಕೆಳಗೆ ಒಂದು ಚೌಕ, ಒಂದು ವೃತ್ತ. ಎರಡಕ್ಕೂ ಓರೆ ಗೀಟು.

"ಏನಾಗಿತ್ತಮ್ಮ?"

ಎರಡು ಕೂಸುಗಳಿಗೂ ಕತ್ತು ನಿಲ್ಲಲೇ ಇಲ್ಲವಂತೆ. ನಾಗದೋಷ ಅಂದರು. ಘಾಟಿಯಲ್ಲಿ ನಾಗಪ್ರತಿಷ್ಠೆ, ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಎಲ್ಲ ಆಯಿತು. ಮುತ್ತಜ್ಜಿ ಮಾತ್ರ ಕೊನೆವರೆಗೂ "ಇವಳ ಹೊಟ್ಟೆಯೇ ಸರಿಯಿಲ್ಲ" ಅನ್ನುತ್ತಿದ್ದರು. ದೊಡ್ಡಮ್ಮನಿಗೆ ಅವರು ಅತ್ತೆಯೂ ಹೌದು, ಅಜ್ಜಿಯೂ ಹೌದು.

ಮಗಳು ಜೋಡಿಗೆರೆಯಿಂದ ಮೇಲಕ್ಕೆ ಬೆರಳಾಡಿಸಿದಳು. "ಇದು ರಿಸೆಸಿವ್ ಇರಬಹುದು. ಹಾಗಿದ್ರೆ ಕೆಟ್ಟ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದಿರಬೇಕು, ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಅವರಿಬ್ಬರಿಗೂ ಬಂದಿರೋದು ಬಹುಶಃ ಇಲ್ಲಿಂದ." ಬೆರಳು ಮುತ್ತಜ್ಜಿ, ಮುತ್ತಜ್ಜನ ಮೇಲೆ ನಿಂತಿತ್ತು. "ಯಾರ ತಪ್ಪೂ ಅಲ್ಲ ಅಂತ ದೊಡ್ಡಜ್ಜಿಗೆ ಒಬ್ಬರೂ ಹೇಳಲಿಲ್ವಾ?"

ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು.

ಜೆನೆಟಿಕ್ ಕೌನ್ಸೆಲಿಂಗ್ ಓದಿನ ಮೊದಲ ಮಾಸ್ಟರ್ಸ್ ಶುರುವಾದದ್ದು 1969ರಲ್ಲಿ, ನ್ಯೂಯಾರ್ಕ್ ಬಳಿಯ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ದೊಡ್ಡಮ್ಮನ ಮದುವೆಯೂ ಅದೇ ವರ್ಷ. ಸೋದರಮಾವನ ಗೋತ್ರ ಬೇರೆ, ಜಾತಕ ಕೂಡಿತ್ತು, ಇನ್ನೇನು ಅಡ್ಡಿ? ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಆದರೂ ಸಂಬಂಧ ನೋಡುವಾಗ ನಮ್ಮವರು ನಕ್ಷತ್ರ ಕೇಳುತ್ತಾರೆಯೇ ಹೊರತು, ಹಸುಗೂಸಾಗಿದ್ದಾಗಲೇ ಹೋದವರು ಯಾರು ಅಂತ ಕೇಳುವುದಿಲ್ಲ. ಕೇಳಿದರೂ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಇದು ತಡೆಯಲಾಗದ ಸಂಕಟ.

ನನ್ನ ಸೀಮಂತದ ದಿನ ದೊಡ್ಡಮ್ಮ ಅಡುಗೆಮನೆ ಬಿಟ್ಟು ಬರಲಿಲ್ಲ. ಬಳೆ ತೊಡಿಸಿ ಬನ್ನಿ ಅಂತ ಕರೆದರೆ, "ನನ್ನ ಕೈ ಬೇಡಮ್ಮ" ಅಂದರು. ಅಂದು ಹೊಟ್ಟೆಯಲ್ಲಿದ್ದವಳು ಇವಳೇ.

ಅವತ್ತೇ ರಾತ್ರಿ ಫೋನ್ ಮಾಡಿದೆವು. ಮಗಳು ತನ್ನ ತಡವರಿಸುವ ಕನ್ನಡದಲ್ಲಿ ಎಲ್ಲ ಹೇಳಿದಳು. ಆ ಕಡೆ ತುಂಬಾ ಹೊತ್ತು ಮಾತಿಲ್ಲ.

"ಹಾಳೇಲಿ ಹೆಸರು ಬರ್ದಿದೀಯಾ, ಮಗೂ?"

"ಇಲ್ಲ ದೊಡ್ಡಜ್ಜಿ."

"ದೊಡ್ಡವನು ಶ್ರೀಧರ. ಅವಳು ಉಷಾ."

ನಲವತ್ತೆಂಟು ವರ್ಷದಲ್ಲಿ ಆ ಹೆಸರುಗಳು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.