ಒಂದೇ ನೀರು, ಎರಡು ಊರಿನ ಲೆಕ್ಕ

ಬೆಂಗಳೂರು ಎಲ್ಲಿಂದ ಏನು ತರಿಸಿಕೊಳ್ಳುತ್ತದೆ, ಬಳಸಿದ ಮೇಲೆ ಅದನ್ನು ಎಲ್ಲಿಗೆ ಕಳಿಸುತ್ತದೆ, ಅದರಿಂದ ಯಾರ ಬದುಕು ಹೇಗೆ ಬದಲಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ನಗರದ ಸುಸ್ಥಿರತೆಯ ಅಧ್ಯಯನ ಅಂತ ಅದಕ್ಕೆ ಹೆಸರು. ಕೆಲವು ವರ್ಷಗಳಿಂದ ನೀರಿನ ಹಿಂದೆ ಬಿದ್ದಿದ್ದೇನೆ. ನಮ್ಮ ತಂಡಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: 'ಅಕ್ಕಾ, ಅಧ್ಯಯನದ ಗಡಿ ಎಲ್ಲಿ ಹಾಕೋಣ?' ಪಾಲಿಕೆಯ ನಕ್ಷೆ ನೋಡಿ ಹಾಕಬೇಡಿ, ನೀರು ಹೋಗುವ ದಾರಿ ನೋಡಿ ಹಾಕಿ ಅನ್ನುತ್ತೇನೆ. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಬೆಂಗಳೂರು ದಿಬ್ಬದ ಮೇಲಿನ ಊರು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆ ಪಂಪ್ ಆಗಿ ಬರಬೇಕು. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಯೋಜನೆಯ 5ನೇ ಹಂತದ್ದೇ ದಿನಕ್ಕೆ 77.5 ಕೋಟಿ ಲೀಟರ್. ಮೇಲಕ್ಕೆ ತರಲು ಇಷ್ಟೆಲ್ಲ ಕರೆಂಟ್ ಬೇಕು. ಬಳಸಿದ ನೀರು ಮಾತ್ರ ತಾನಾಗಿಯೇ ಕೆಳಗೆ ಇಳಿಯುತ್ತದೆ. ಒಂದು ಪಾಲು ವೃಷಭಾವತಿ ಕಣಿವೆಗೆ, ಒಂದು ಪಾಲು ಹೆಬ್ಬಾಳದ ಕಡೆಗೆ, ಇನ್ನೊಂದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ.

ಈ ಮೂರನೆಯದೇ ನನ್ನ ಕೆಲಸದ ಮುಖ್ಯ ಭಾಗ. ಎಲ್ಲರೂ ಕೆ.ಸಿ. ವ್ಯಾಲಿ ಅಂತಲೇ ಕರೆಯುತ್ತಾರೆ. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಇದು. ಗುರಿ ದಿನಕ್ಕೆ 44 ಕೋಟಿ ಲೀಟರ್. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಒಂದು ಕೆರೆ ತುಂಬಿ ಕೋಡಿ ಹರಿದರೆ ಮುಂದಿನ ಕೆರೆಗೆ ನೀರು. ಹೊಲಕ್ಕೆ ನೇರವಾಗಿ ಎತ್ತುವ ಹಾಗಿಲ್ಲ. ಕೆರೆಯಲ್ಲಿ ನಿಂತು, ಇಂಗಿ, ಬೋರ್‌ವೆಲ್‌ಗಳಿಗೆ ಜೀವ ಕೊಡಲಿ ಅನ್ನುವುದು ಉದ್ದೇಶ. ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ, ಸಾವಿರ ಅಡಿ ಕೊರೆದರೂ ದೂಳು ಬರುತ್ತಿದ್ದ ಜಿಲ್ಲೆಗೆ ಇದು ಎಷ್ಟು ದೊಡ್ಡ ಸಂಗತಿ ಅಂತ ಬೆಂಗಳೂರಲ್ಲಿ ಕೂತು ಊಹಿಸುವುದು ಕಷ್ಟ.

ಕಚೇರಿಯಲ್ಲಿ ಈ ಯೋಜನೆ ಅಳೆಯುವುದು ಸುಲಭ. ಇಷ್ಟು ಕೋಟಿ ಲೀಟರ್ ಕಳಿಸಿದೆವು, ಇಷ್ಟು ಕೆರೆ ತುಂಬಿದವು, ಅಷ್ಟೇ. ಹಳ್ಳಿಯಲ್ಲಿ ಅಳೆಯುವುದು ಬೇರೆಯೇ ಕೆಲಸ. 'ನೀರು ಬಂದ ಮೇಲೆ ಒಳ್ಳೇದಾಯ್ತಾ?' ಅಂತ ಕೇಳಿದರೆ 'ಆಯ್ತಮ್ಮ' ಅನ್ನುತ್ತಾರೆ. ಮನೆ ಬಾಗಿಲಿಗೆ ಬಂದವರಿಗೆ ಬೇಸರ ಮಾಡಬಾರದು ಅನ್ನುವ ಮರ್ಯಾದೆ ಅದು. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ.

ನಮಗೆ ದಾರಿ ತೋರಿಸಿದವರು ಅಲ್ಲಿನ ರೈತರೇ. ನೀರು ಎಷ್ಟು ಅಡಿಯಲ್ಲಿದೆ ಅಂತ ಒಬ್ಬ ಹಿರಿಯರನ್ನು ಕೇಳಿದಾಗ, 'ಭೂಮಿ ಒಳಗಿರೋದು ನನಗೇನ್ ಗೊತ್ತಮ್ಮ, ಪೈಪ್ ಎಷ್ಟು ಇಳಿಸಿದೀನಿ ಅಂತ ಕೇಳು, ಹೇಳ್ತೀನಿ' ಅಂದರು. 45 ಪೈಪು. ಒಂದು ಪೈಪು 20 ಅಡಿ. ಅಂದರೆ ಮೋಟಾರ್ ಕೂತಿರುವುದು 900 ಅಡಿಯಲ್ಲಿ. ಪ್ರತಿ ಪೈಪಿಗೂ ದುಡ್ಡು ಕೊಟ್ಟಿರುವುದರಿಂದ ಆ ಲೆಕ್ಕ ಯಾರೂ ಮರೆಯುವುದಿಲ್ಲ. ಆದರೆ ಇದರಲ್ಲೂ ಒಂದು ತೊಡಕಿದೆ. ನೀರು ಮೇಲಕ್ಕೆ ಬಂದರೂ ರೈತರು ಪೈಪ್ ಎತ್ತಿಸುವುದಿಲ್ಲ. ಎತ್ತಿಸಲು ಮತ್ತೆ ಖರ್ಚು, ಮುಂದಿನ ಬೇಸಿಗೆಯ ಭಯ ಬೇರೆ. ಹಾಗಾಗಿ ಪೈಪಿನ ಲೆಕ್ಕ ಹಳೆಯ ಕಷ್ಟವನ್ನು ಹೇಳುತ್ತದೆ, ಈಗಿನ ಸ್ಥಿತಿಯನ್ನು ಹೇಳುವುದಿಲ್ಲ.

ಈಗಿನ ಸ್ಥಿತಿ ತಿಳಿಯಲು ಬೇರೆ ಪ್ರಶ್ನೆ ಬೇಕು. ಮೋಟಾರ್ ಹಾಕಿ ಎಷ್ಟು ಹೊತ್ತಿಗೆ ನೀರಿನ ಬದಲು ಗಾಳಿ ಹೊಡೆಯಲು ಶುರುವಾಗುತ್ತದೆ? ಪಂಪ್‌ಸೆಟ್‌ಗೆ ದಿನದಲ್ಲಿ ಕೆಲವೇ ಗಂಟೆ ಸಿಗುವ ತ್ರೀ ಫೇಸ್ ಕರೆಂಟ್ ಇನ್ನೂ ಇರುವಾಗಲೇ ಮೋಟಾರ್ ನಿಲ್ಲಿಸುತ್ತೀರಾ, ಇಲ್ಲ ಕರೆಂಟ್ ಹೋಗುವವರೆಗೂ ಓಡುತ್ತದಾ? ಎರಡನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಕರೆಂಟ್ ಮುಗಿಯುವವರೆಗೂ ನೀರು ಬರುತ್ತಿದ್ದರೆ ಬೋರ್ ಚೇತರಿಸಿಕೊಂಡಿದೆ ಅಂತ ಅರ್ಥ. ಜೊತೆಗೆ ಇನ್ನೊಂದನ್ನೂ ಕೇಳಬೇಕು: ನೀರು ಜಾಸ್ತಿ ಆದ ಮೇಲೆ ಏನು ಬೆಳೆದಿರಿ? ರಾಗಿ ಬಿಟ್ಟು ಟೊಮೆಟೊ ಹಾಕಿದ್ದರೆ, ಇಂಗಿದ ನೀರು ಅಷ್ಟೇ ಬೇಗ ಮೇಲಕ್ಕೂ ಬರುತ್ತಿರುತ್ತದೆ. ತಪ್ಪು ಅಂತ ಹೇಳುತ್ತಿಲ್ಲ. ಸಾಲ ತೀರಿಸಬೇಕಾದವರು ದುಡ್ಡು ಬರುವ ಬೆಳೆಯನ್ನೇ ಬೆಳೆಯುತ್ತಾರೆ. ಆದರೆ ಅಂತರ್ಜಲ ಏರಿತು ಅಂತ ಬರೆಯುವವರು ಇದನ್ನೂ ಬರೆಯಬೇಕು, ಅಲ್ವಾ?

ಸಾಲಿನ ಕೊನೆಯ ಕೆರೆಗೂ ಹೋಗಲೇಬೇಕು. ಮೊದಲ ಕೆರೆಗಳು ತುಂಬಿ ತುಳುಕುವಾಗ ಕೊನೆಯ ಕೆರೆಯಲ್ಲಿ ಬಳ್ಳಾರಿ ಜಾಲಿ ನಿಂತಿರಬಹುದು. ರಾಜಕಾಲುವೆ ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ಹೂಳು ತುಂಬಿದೆ ಅಂತ ಕೆರೆ ನೀರು ಹಂಚುವ ಊರಿನ ನೀರುಗಂಟಿಯಷ್ಟು ಚೆನ್ನಾಗಿ ಯಾವ ಉಪಗ್ರಹ ಚಿತ್ರವೂ ಹೇಳುವುದಿಲ್ಲ.

ಇನ್ನು ನನ್ನನ್ನು ಜಾಸ್ತಿ ಕಾಡುವ ವಿಷಯಕ್ಕೆ ಬರುತ್ತೇನೆ. 2024ರ ಬೇಸಿಗೆ ನೆನಪಿರಬೇಕು. ನಗರದ 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಬಂತು. ಶುದ್ಧೀಕರಿಸಿದ ನೀರನ್ನು ನಗರದಲ್ಲೇ ಬಳಸಬೇಕು, ಇಲ್ಲಿನ ಕೆರೆಗಳಿಗೆ ತುಂಬಿಸಬೇಕು, ಕಟ್ಟಡ ಕೆಲಸಕ್ಕೆ, ಕಾರ್ಖಾನೆಗೆ ಕೊಡಬೇಕು ಅನ್ನುವ ಮಾತು ಜೋರಾಯಿತು. ಎಲ್ಲವೂ ಸರಿಯೇ. ಒಂದು ಲೀಟರ್ ಇಲ್ಲೇ ಮರುಬಳಕೆಯಾದರೆ ಒಂದು ಲೀಟರ್ ಕಾವೇರಿ ನೀರನ್ನು ಅಷ್ಟು ಎತ್ತರಕ್ಕೆ ತರುವುದು ಉಳಿಯುತ್ತದೆ. ಆದರೆ ಅದೇ ಲೀಟರ್ ಕೋಲಾರದ ಲೆಕ್ಕದಲ್ಲೂ ಇದೆ. ನಗರದ ಮರುಬಳಕೆ ಯೋಜನೆಯಲ್ಲಿ ಅದು ಒಂದು ಸಾಲು, ಜಿಲ್ಲೆಯ ಕೆರೆ ತುಂಬಿಸುವ ಯೋಜನೆಯಲ್ಲಿ ಇನ್ನೊಂದು ಸಾಲು. ಎರಡು ವರದಿಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದುವವರು ಕಡಿಮೆ. ಒಂದೇ ಹಸುವಿನ ಹಾಲನ್ನು ಎರಡು ಡೈರಿಗೆ ಬರೆಸಿದ ಹಾಗೆ ಇದು.

ಹೊಸ ಆವಿಷ್ಕಾರ ಅಂದ ಕೂಡಲೇ ನಮ್ಮ ಕ್ಷೇತ್ರದಲ್ಲಿ ಸೆನ್ಸರ್, ಆ್ಯಪ್ ನೆನಪಾಗುತ್ತವೆ. ಅವು ಬೇಕು, ನಾನೂ ಬಳಸುತ್ತೇನೆ. ಆದರೆ ಈಗ ಬೇಕಾಗಿರುವ ಹೊಸತನ ಒಂದು ಒಪ್ಪಂದ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇಸಿಗೆಯಲ್ಲಿ ಕೋಲಾರಕ್ಕೆ ಕನಿಷ್ಠ ಇಷ್ಟು ನೀರು, ಇಂಥ ಗುಣಮಟ್ಟದಲ್ಲಿ ಎಂದು ಬರಹದಲ್ಲಿರಬೇಕು. ನಗರದ ಬಳಕೆ ಅದನ್ನು ಬಿಟ್ಟು ಉಳಿದದ್ದರಲ್ಲಿ ಆಗಬೇಕು.

ಗುಣಮಟ್ಟದ ಮಾತು ಸುಮ್ನೆ ಸೇರಿಸಿದ್ದಲ್ಲ. 2018ರಲ್ಲಿ ನೀರು ಬಂದ ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಕಂಡಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರಿನಲ್ಲಿ ಸಾರಜನಕ, ರಂಜಕದ ಅಂಶ ಉಳಿಯುತ್ತದೆ. ಅದನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕು ಎಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಖರ್ಚು ಜಾಸ್ತಿ ಅನ್ನುವ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ಕೊಳಕು ಮಾಡಿದವರು ನಾವು. ತೊಳೆಯುವ ಖರ್ಚೂ ನಮ್ಮ ನೀರಿನ ಬಿಲ್ಲಿನಲ್ಲೇ ಬರಬೇಕು.

ಈ ಕೆಲಸಕ್ಕೆ ಬರುವವರಿಗೆ ಒಂದು ಮಾತು. ಏಪ್ರಿಲ್‌ನಲ್ಲೂ ಹೋಗಿ, ನವೆಂಬರ್‌ನಲ್ಲೂ ಹೋಗಿ. ಒಂದೇ ಕಾಲ ನೋಡಿದರೆ ಮಳೆಯ ನೀರು ಯಾವುದು, ಪೈಪಿನಿಂದ ಬಂದದ್ದು ಯಾವುದು ಅಂತ ಬಿಡಿಸಲಾಗುವುದಿಲ್ಲ. ನೀರಿನ ಪರೀಕ್ಷೆ ಮಾಡಿಸಿದರೆ ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಗೆ ಕೊಡಿ, ಹಸು ಮೇಯಿಸುವವರಿಗೂ ಬಟ್ಟೆ ಒಗೆಯುವವರಿಗೂ ಕೂತು ವಿವರಿಸಿ. ಅಧ್ಯಯನದ ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಈ ಮರುಭೇಟಿಗೇ. ಪ್ರಸ್ತಾವನೆ ಬರೆಯುವಾಗಲೇ ಅದಕ್ಕೆ ಬೇರೆ ಸಾಲು ಹಾಕಿ, ಯಾರು ಕೇಳಿದರೂ ಬಿಟ್ಟುಕೊಡಬೇಡಿ.