ಮೊಲದ ಗೂಡಿಗೆ ಎಂತಹ ಜಾಲರಿ?

ಸಾಗರದ ಕಡೆಯ ನಮ್ಮ ಮನೆಯ ಹಿಂದೆ ಅಡಿಕೆ ತೋಟ, ಅದರಾಚೆ ಬೆಟ್ಟ. ಮಗಳು ಸಾಕಿರುವ ಬಿಳಿ ಮೊಲಗಳ ಮೇಲೆ ಹಗಲು ಮುಂಗುಸಿಯ ಕಣ್ಣು, ರಾತ್ರಿ ಕಾಡುಬೆಕ್ಕಿನ ಕಣ್ಣು. ಹೆಬ್ಬಾವಿನ ಭಯವೂ ಇದೆ.

ಪೇಟೆಯಲ್ಲಿ ಗೂಡಿಗೆಂದು ಕೊಡುವುದು ಸಾಮಾನ್ಯವಾಗಿ ಆರು ಮೂಲೆಯ ಕಣ್ಣುಗಳ ತೆಳು ಕೋಳಿ ಜಾಲರಿ. ಅದು ಕೋಳಿಯನ್ನು ಒಳಗಿಡುತ್ತದೆ, ಆದರೆ ನಾಯಿ ಹಲ್ಲು ಹಾಕಿ ಎಳೆದರೆ ಹರಿದುಹೋಗುತ್ತದೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಜಾಲರಿಯನ್ನೇ ಕೇಳಿ ತನ್ನಿ. ದುಬಾರಿ, ನಿಜ. ಆದರೂ ಇಲ್ಲಿ ಉಳಿತಾಯ ಮಾಡಬೇಡಿ. ಮುಂಗುಸಿ ಮಣ್ಣು ಕೆರೆದು ನುಸುಳುತ್ತದೆ. ಹಾಗಾಗಿ ಗೂಡನ್ನು ಕಾಲುಗಳ ಮೇಲೆ ಎತ್ತರಿಸಿದ್ದೇವೆ. ಮೊಲಗಳು ಮೇಯುವ ಆವರಣದ ಸುತ್ತ ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂತಿದ್ದೇವೆ. ಗಿಡುಗ ಎರಗದಂತೆ ಮೇಲೂ ಹೊದಿಸಿದ್ದೇವೆ.

ಮೊಲ ಸಾಯಲು ಕಚ್ಚಿಸಿಕೊಳ್ಳಲೇಬೇಕೆಂದಿಲ್ಲ. ಬೇಟೆಯಾಡುವ ಪ್ರಾಣಿ ಗೂಡಿನ ಸುತ್ತ ಸುಳಿದಾಡಿದರೂ ಹೆದರಿಕೆಯಿಂದಲೇ ಪ್ರಾಣ ಬಿಡಬಹುದು. ಅದಕ್ಕೇ ಒಳಗೊಂದು ಮರದ ಪೆಟ್ಟಿಗೆ ಇಟ್ಟಿದ್ದೇವೆ, ಅಡಗಿ ಕೂರಲು.

“ಒಂದು ಉರುಳು ಹಾಕಿಬಿಡು ಮಾರಾಯ” ಎಂದರು ಪಕ್ಕದ ಮನೆಯ ಅಣ್ಣಯ್ಯ. ಖಂಡಿತ ಹಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸುತ್ತದೆ. ಕಾಯ್ದೆ ಇಲ್ಲದಿದ್ದರೂ ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ತೋಟದ ಇಲಿಗಳನ್ನು ಹಿಡಿಯುವುದೂ ಅದೇ ಮುಂಗುಸಿ. ಉಳಿದ ಜಾಲರಿ ಅಣ್ಣಯ್ಯನವರ ಕೋಳಿಗೂಡಿಗೆ ಸಾಕಾಗುತ್ತದೆ, ಭಾನುವಾರ ಕೊಡುತ್ತೇನೆ ಎಂದಿದ್ದೇನೆ.