ಆಯಿಲ್ ಚೇಂಬರ್ ಹೊಸದು, ಸೋರಿಕೆ ಮಾತ್ರ ಹಳೆಯದೇ

ರಸ್ತೆ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ. ಊರವರೇ ಸಿಮೆಂಟ್ ಸುರಿದು ಕಟ್ಟಿಕೊಂಡ ಹಂಪಿಗೆ ಯಾವ ಲೆಕ್ಕವೂ ಇಲ್ಲ. ಐದು ಜನ, ಡಿಕ್ಕಿ ತುಂಬ ಲಗೇಜು ಹೊತ್ತ ಸಣ್ಣ ಕಾರು ಅದನ್ನು ದಾಟುವಾಗ ಚೇಂಬರಿಗೆ, ಅಂದರೆ ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿಗೆ, ಏಟು ಬೀಳುವುದು ಮಾಮೂಲಿ. ಹೊಸ ಚೇಂಬರ್ ಹಾಕಿಸಿದರೂ ಕೂರಿಸುವ ಕೆಲಸ ಕೆಟ್ಟರೆ ಸೋರಿಕೆ ನಿಲ್ಲುವುದಿಲ್ಲ.

ತಗಡಿನ ಚೇಂಬರ್ ನೆಗ್ಗುತ್ತದೆ, ಅಲ್ಯೂಮಿನಿಯಂದು ಸೀಳುತ್ತದೆ. ಸೀಳಿದ್ದು ಕೂಡಲೇ ಗೊತ್ತಾಗುತ್ತದೆ. ನೆಗ್ಗಿದ್ದೇ ಹೆಚ್ಚು ಅಪಾಯ. ಆಯಿಲ್ ಪಂಪಿನ ಜಾಲರಿ ಚೇಂಬರ್ ತಳದಿಂದ ಕೆಲವೇ ಮಿಲಿಮೀಟರ್ ಮೇಲಿರುತ್ತದೆ. ತಗಡು ಒಳಕ್ಕೆ ಒತ್ತಿ ಜಾಲರಿಗೆ ತಾಗಿದರೆ ಹೊರಗೆ ಒಂದು ಹನಿ ಸೋರದಿದ್ದರೂ ಪಂಪಿಗೆ ಆಯಿಲ್ ಸಾಲುವುದಿಲ್ಲ. ಏಟು ಬಿದ್ದ ಮೇಲೆ ಕೆಂಪು ಆಯಿಲ್ ಲೈಟ್ ಮಿನುಗಿದರೂ ಸಾಕು, ಇಂಜಿನ್ ಆಫ್ ಮಾಡಿ ಗಾಡಿ ಟೋ ಮಾಡಿಸಿ. ಸೀಳಿದ ಅಲ್ಯೂಮಿನಿಯಂಗೆ ವೆಲ್ಡಿಂಗ್ ಮಾಡಿಸುವವರಿದ್ದಾರೆ. ಸೀಳಿನೊಳಗೆ ಹೀರಿಕೊಂಡ ಆಯಿಲ್ ಪೂರ್ತಿ ಹೋಗದೆ ವೆಲ್ಡ್ ಒಳಗೆ ಗುಳ್ಳೆಯೇಳುತ್ತದೆ, ಅಲ್ಲಿಂದಲೇ ಮತ್ತೆ ಜಿನುಗುತ್ತದೆ.

ಏಟು ಬೀಳದೆ ಬರೀ ಒದ್ದೆಯಾಗಿದ್ದರೆ ಚೇಂಬರ್ ಬಿಚ್ಚಲು ಅವಸರ ಬೇಡ. ಇಂಜಿನ್ ತಲೆಯ ಮೇಲಿನ ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಆಯಿಲ್ ಪ್ರೆಷರ್ ಸ್ವಿಚ್, ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಮುಂದಿನ ಸೀಲ್ ಎಲ್ಲವೂ ಮೇಲಿನಿಂದ ಸೋರಿ ಕೊನೆಗೆ ಚೇಂಬರಿನಿಂದಲೇ ತೊಟ್ಟಿಕ್ಕುತ್ತವೆ. ಪೂರ್ತಿ ತೊಳೆದು ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ, ಒಂದಿಷ್ಟು ದೂರ ಓಡಿಸಿ ನೋಡಿ. ಗೆರೆ ಎಲ್ಲಿಂದ ಇಳಿದಿದೆ ಅಂತ ಪೌಡರೇ ತೋರಿಸುತ್ತದೆ.

ಚೇಂಬರ್ ಬದಲಿಸಲೇಬೇಕಾದರೆ, ಬಿಚ್ಚುವ ಕೆಲಸ ಸುಲಭ. ಗಾಡಿಯನ್ನು ಪಿಟ್ ಮೇಲೆ ಅಥವಾ ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಆಯಿಲ್ ಉಗುರುಬೆಚ್ಚಗಿರುವಾಗ ಇಳಿಸಿ. ಕೆಲವು ಗಾಡಿಯಲ್ಲಿ ಸೈಲೆನ್ಸರಿನ ಮುಂದಿನ ಪೈಪ್ ಅಡ್ಡ ಬರುತ್ತದೆ, ಅದನ್ನೂ ಕಳಚಬೇಕು. ಚೇಂಬರಿನ ಸುತ್ತ ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್ ಹಿಡಿಯುವ ಎಂ6 ಬೋಲ್ಟುಗಳು. ಅಲ್ಯೂಮಿನಿಯಂ ಚೇಂಬರಾದರೆ ಗೇರ್‌ಬಾಕ್ಸ್ ಕಡೆಗೂ ದಪ್ಪ ಬೋಲ್ಟು ಇರಬಹುದು, ಅವನ್ನು ಮರೆತು ಮೀಟಿದರೆ ಅಂಚು ಮುರಿಯುತ್ತದೆ. ಎರಡು ಬೋಲ್ಟನ್ನು ಸಡಿಲವಾಗಿ ಉಳಿಸಿಕೊಂಡು ಸಂದಿಗೆ ತೆಳ್ಳನೆ ಪಟ್ಟಿ ತೂರಿಸಿ, ಚೇಂಬರನ್ನು ಇಂಜಿನ್ ಬ್ಲಾಕಿಗೆ ಅಂಟಿಸಿರುವ ಹಳೆ ಪೇಸ್ಟನ್ನು ಕೊಯ್ಯಿರಿ. ಸ್ಕ್ರೂಡ್ರೈವರ್ ಬೇಡ, ಬ್ಲಾಕಿನ ಅಂಚಿನಲ್ಲಿ ಒಂದು ಗೀರು ಬಿದ್ದರೆ ಅದೇ ಮುಂದಿನ ಸೋರಿಕೆಯ ದಾರಿ.

ಕೆಲಸದ ಅರ್ಧ ಸಮಯ ಕೊಡಬೇಕಾದ್ದು ಕ್ಲೀನಿಂಗಿಗೆ, ಗಡಿಬಿಡಿ ಆಗುವುದೂ ಅಲ್ಲೇ. ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಹಳೆ ಪೇಸ್ಟ್ ತೆಗೆದು, ಎರಡೂ ಮುಖಗಳನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಮರಳು ಕಾಗದ ಉಜ್ಜಬೇಡಿ, ಅದರ ಪುಡಿ ಒಳಗೆ ಬಿದ್ದರೆ ಬೇರಿಂಗ್ ತಿನ್ನುತ್ತದೆ. ಬ್ಲಾಕಿನಿಂದ ಆಯಿಲ್ ಹನಿಯುತ್ತಲೇ ಇದ್ದರೆ ಕಾಯಿರಿ, ಒದ್ದೆ ಮುಖಕ್ಕೆ ಪೇಸ್ಟ್ ಹಿಡಿಯುವುದಿಲ್ಲ. ಜಾಲರಿ ತೊಳೆಯಿರಿ. ಅದರ ಪೈಪ್ ಬಿಚ್ಚಿದ್ದರೆ ಓ-ರಿಂಗ್ ಹೊಸದೇ ಹಾಕಿ, ಗಟ್ಟಿಯಾದ ರಿಂಗಿನಿಂದ ಪಂಪ್ ಗಾಳಿ ಎಳೆಯುತ್ತದೆ.

ಪೇಸ್ಟ್ ಅಂದರೆ ಆಯಿಲ್ ತಡೆಯುವ, ಹಾಗೇ ಬಿಟ್ಟರೆ ತಾನಾಗಿ ಗಟ್ಟಿಯಾಗುವ ಆರ್‌ಟಿವಿ ಸಿಲಿಕೋನ್. 3 ಮಿ.ಮೀ. ದಪ್ಪದ ಒಂದೇ ಎಳೆ, ಬೋಲ್ಟ್ ತೂತುಗಳ ಒಳಬದಿಯಲ್ಲಿ, ನಡುವೆ ಎಲ್ಲೂ ಕಡಿಯದಂತೆ. ಇಂಜಿನ್ನಿನ ಮುಂಬದಿ ಮುಚ್ಚುವ ಟೈಮಿಂಗ್ ಕವರ್ ಬ್ಲಾಕಿಗೆ ಸೇರುವ ಮೂಲೆಗಳಲ್ಲಿ ಒಂದು ಚುಕ್ಕೆ ಹೆಚ್ಚಿಗೆ. ಉಳಿದೆಡೆ ಹೆಚ್ಚು ಹಾಕಿದರೆ ಲಾಭವಿಲ್ಲ, ನಷ್ಟವೇ. ಹೊರಗೆ ಉಕ್ಕಿದ ಪೇಸ್ಟ್ ನಿಮಗೆ ಕಾಣುತ್ತದೆ. ಅಷ್ಟೇ ಒಳಗೂ ಉಕ್ಕಿ, ಒಣಗಿ, ತುಂಡಾಗಿ ಜಾಲರಿಗೆ ಅಂಟುತ್ತದೆ.

ಪೇಸ್ಟಿನ ಮೇಲೆ ಪೊರೆ ಕಟ್ಟುವ ಮುಂಚೆ, ಐದು-ಹತ್ತು ನಿಮಿಷದೊಳಗೆ, ಚೇಂಬರನ್ನು ನೇರವಾಗಿ ಎತ್ತಿ ಕೂರಿಸಿ. ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಹತ್ತಿಸಿ, ಆಮೇಲೆ ಮಧ್ಯದಿಂದ ಹೊರಕ್ಕೆ ಎದುರುಬದುರಾಗಿ ಬಿಗಿ ಮಾಡಿ. ಎಂ6ಗೆ 10-11 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಸಾಕು, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ‘ಇನ್ನೊಂದು ಸುತ್ತು’ ಅಂತ ಎಳೆದರೆ ತಗಡು ತೂತಿನ ಸುತ್ತ ಗುಳಿ ಬಿದ್ದು, ಎರಡು ಬೋಲ್ಟಿನ ನಡುವೆ ಬಾಯಿ ಬಿಡುತ್ತದೆ.

ಆಯಿಲ್ ಇಳಿಸುವ ಡ್ರೇನ್ ಬೋಲ್ಟಿಗೆ ಹೊಸ ವಾಷರ್, ಜೊತೆಗೆ ಹೊಸ ಫಿಲ್ಟರ್. ಪೇಸ್ಟ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಆಯಿಲ್ ಸುರಿಯಬೇಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. 1.2 ಲೀಟರ್ ಪೆಟ್ರೋಲ್ ಸ್ವಿಫ್ಟಿಗೆ ಫಿಲ್ಟರ್ ಸೇರಿ ಸುಮಾರು 3.1 ಲೀಟರ್ ಹಿಡಿಯುತ್ತದೆ. ಮೊದಲು ಸ್ವಲ್ಪ ಕಡಿಮೆ ಹಾಕಿ, ಡಿಪ್‌ಸ್ಟಿಕ್ ನೋಡಿಕೊಂಡು ತುಂಬಿ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರದಿದ್ದರೆ ರೇಸ್ ಮಾಡದೆ ಆಫ್ ಮಾಡಿ.

ಚೇಂಬರಿನ ಕೆಳಗೆ ಏಟು ತಡೆಯುವ ಗಾರ್ಡ್ ಹಾಕಿಸುವ ಯೋಚನೆಯಿದ್ದರೆ, ಅದೂ ಕೆಳಗೆ ಸ್ವಲ್ಪ ಜಾಗ ತಿನ್ನುತ್ತದೆ ಅನ್ನುವುದು ನೆನಪಿರಲಿ. ಚೇಂಬರಿಗೆ ತಾಗಿಕೊಂಡಿರುವ ಗಾರ್ಡ್ ಏಟನ್ನು ನೇರ ಚೇಂಬರಿಗೇ ದಾಟಿಸುತ್ತದೆ, ನಡುವೆ ಸಂದು ಬೇಕು. ಡ್ರೇನ್ ಬೋಲ್ಟಿನ ನೇರಕ್ಕೆ ತೂತು ಇರುವುದನ್ನೇ ಆರಿಸಿ.